ಜಾಲಿ ಟೊಂಗೆಯ ಪಕ್ಕ ಇಳಿಬಿಟ್ಟ ಗಾಳ

ಸಾವಿತ್ರಿ, ಮಂಜು — ಮರಿ ಕಾಯುತ್ತಿದ್ದ ಮರಲ್ ಮೀನನ್ನು ಹಿಡಿದವಳು ಖಾಸಿಂಬಿಯಲ್ಲ. ನಿಮ್ಮ ಆಯಿ. ನಾನು.

ಆಲಮಟ್ಟಿಯ ಹಿನ್ನೀರು ನಮ್ಮ ಹೊಲದ ಅಂಚಿಗೆ ಬಂದು ನಿಂತ ಹೊಸತು. ಮೊದಲ ಮಳೆಗೆ ಮರಲ್ ಮೀನು ದಂಡೆಯ ಜೊಂಡಿನಲ್ಲಿ ಮೊಟ್ಟೆ ಇಡುತ್ತದೆ. ಮರಿಗಳು ಕುಂಕುಮ ಚೆಲ್ಲಿದಂತೆ ನೀರ ಮೇಲೆ ಗುಂಪಾಗಿ ಆಡುತ್ತವೆ. ತಂದೆ ತಾಯಿ ಕೆಳಗೆ ಕಾವಲಿರುತ್ತವೆ. ಅದನ್ನು ಮೊದಲು ಕಂಡವರು ದಂಡೆಯಲ್ಲಿ ಜಾಲಿ ಟೊಂಗೆ ನೆಡಬೇಕು. ಟೊಂಗೆ ಇದ್ದಲ್ಲಿ ಯಾರೂ ಬಲೆ, ಗಾಳ ಹಾಕುವಂತಿಲ್ಲ. ನಮ್ಮ ಮೀನುಗಾರ ಓಣಿಯ ಕಟ್ಟಳೆ ಅದು.

ಆ ವರ್ಷ ಟೊಂಗೆ ನೆಟ್ಟವಳು ನೆರೆಮನೆಯ ಖಾಸಿಂಬಿ. ಬಂದು ನನಗೇ ಹೇಳಿದಳು: "ಗಂಗವ್ವ, ನೀರಾಗೂ ಒಬ್ಬಾಕಿ ಬಾಣಂತಿ ಅದಾಳ, ನಿಮ್ಮ ಮನ್ಯಾಗೂ ಒಬ್ಬಾಕಿ. ಇಬ್ಬರಿಗೂ ದೃಷ್ಟಿ ತೆಗಿಯವ್ವ!"

ಮನೆಯ ಬಾಣಂತಿ ನನ್ನ ಮಗಳು, ನಿಮ್ಮ ಅವ್ವ. ಸಾವಿತ್ರಿ, ನೀನು ಹಸುಗೂಸು. ನಿನಗೆ ಅವಳ ಎದೆಹಾಲು ಸಾಲುತ್ತಿರಲಿಲ್ಲ. ಮರಲ್ ಸಾರು ಉಂಡರೆ ಹಾಲು ಇಳಿಯುತ್ತದೆ ಎನ್ನುತ್ತಿದ್ದರು. ಸಂತೆಯಲ್ಲೂ ಮರಲ್ ಸಿಗುತ್ತಿತ್ತು — ಅದನ್ನೂ ಬರೆದುಬಿಡುತ್ತೇನೆ.

ಹುಲ್ಲು ಕೊಯ್ಯುವ ನೆಪದಲ್ಲಿ ಹೋದೆ. ಗಾಳಕ್ಕೆ ಸಣ್ಣ ಕಪ್ಪೆ ಕಟ್ಟಿ ಮರಿಗಳ ನಡುವೆ ಇಳಿಬಿಟ್ಟು ಮೆಲ್ಲಗೆ ಕುಣಿಸಿದೆ. ಆ ಕಾಲದಲ್ಲಿ ಮೀನು ಹಸಿವಿಗೆ ಕಚ್ಚುವುದಿಲ್ಲ. ಮರಿ ತಿನ್ನಲು ಬಂದದ್ದನ್ನು ಓಡಿಸಲು ಕಚ್ಚುತ್ತದೆ. ಅದು ಗೊತ್ತಿದ್ದೇ ಹೋದೆ. ಒಂದನ್ನು ಎಳೆದೆ. ಮತ್ತೆ ಗಾಳ ಬಿಟ್ಟೆ — ಅದರ ಜೋಡಿಯೂ ಬಂತು.

ನಿಮ್ಮ ಮುತ್ಯಾನಿಗೆ, ಸಂತೆಯಿಂದ ತಂದದ್ದು ಎಂದೆ. ಅವರು ಹಾಗೇ ತಿಳಿದು ತೀರಿಕೊಂಡರು.

ಮರುದಿನ ಕಾವಲಿಲ್ಲದ ಮರಿಗಳ ಮೇಲೆ ಹಕ್ಕಿಗಳು ಇಳಿದಿದ್ದವು. ಓಣಿಯವರು ಕೂಡಿದರು. "ಟೊಂಗಿ ನೆಟ್ಟು ಮಂದೀನ ದೂರ ಇಟ್ಟಾಳ, ತಾನ ಹಿಡದಾಳ. ಭಾರೀ ಶಾಣ್ಯಾಕಿ!" ಎಂದರು ಹಿರಿಯರೊಬ್ಬರು.

ಖಾಸಿಂಬಿ ನನ್ನ ಕಡೆ ತಿರುಗಿದಳು. "ನೀ ಅಲ್ಲೇ ಹುಲ್ಲು ಕೊಯ್ಯಾಕತ್ತಿದ್ದೆಲ್ಲ ಗಂಗವ್ವ. ಹೇಳವ್ವ, ನಾ ಗಾಳ ಹಾಕಿದ್ನೇನು?"

"ನಾ ಏನೂ ನೋಡಿಲ್ಲವ್ವ" ಎಂದೆ.

ಅಷ್ಟೇ. ಅವಳ ಮನೆಯವರನ್ನು ಓಣಿಯವರೆಲ್ಲ ಕೂಡಿ ಹಾಕುವ ಬಲೆಯಿಂದ ಹೊರಗಿಟ್ಟರು. ಅವರು ಭೀಮಾ ದಂಡೆಯ ದೇವಣಗಾಂವಕ್ಕೆ ಹೋದರು. ಹೊರಡುವ ದಿನ ಖಾಸಿಂಬಿ, ಸಾವಿತ್ರಿ, ನಿನ್ನನ್ನು ಎತ್ತಿಕೊಂಡು, "ಕೂಸು ಮೈ ತುಂಬೇತಿ" ಎಂದಳು. ನಾನು — ಒಲೆಯ ಕಡೆ ತಿರುಗಿ ಕಟ್ಟಿಗೆ ಸರಿಸಿದೆ. ಅಳು ಬರಲಿಲ್ಲ. ಈಗ ಬರೆಯುವಾಗಲೂ ಬರುತ್ತಿಲ್ಲ.

ಸಿಂದಗಿಯಲ್ಲಿ ಬಸ್ಸು ಬದಲಿಸಿದರೆ ದೇವಣಗಾಂವ. ಇಷ್ಟು ವರ್ಷ ಹತ್ತಲಿಲ್ಲ. ಈ ಸಲ ಮಳೆ ಹಿಡಿಯುವ ಮುಂಚೆ ಹೋಗುತ್ತೇನೆ. ಅವಳಿಲ್ಲದಿದ್ದರೆ ಅವಳ ಮಕ್ಕಳೆದುರು ನಿಲ್ಲುತ್ತೇನೆ. ನೀವೂ ಜೊತೆಗೆ ಬನ್ನಿ. ಅಲ್ಲಿಯೂ ನನ್ನ ಬಾಯಿ ಕಟ್ಟಿದರೆ, ಸಾವಿತ್ರಿ, ನೀನು ಇದನ್ನು ಗಟ್ಟಿಯಾಗಿ ಓದಬೇಕು. ಅಲ್ಲಿಯತನಕ ಈ ಹಾಳೆಗಳಿಗೆ ನೀರು ತಾಗದಂತೆ ಜೋಪಾನ ಮಾಡಿ.