ಹಸಿರು ನೀರು ತಿಳಿಯಾದ ದಿನಗಳು

ಹೇಳಬೇಕಾದ ಒಂದು ಮಾತನ್ನು ನಾನು ನಾಲ್ಕು ವರ್ಷ ಹೇಳಲಿಲ್ಲ. ನನ್ನ ಕೈಯಿಂದಾದ ತಪ್ಪು ತಮ್ಮನ ಹೆಂಡತಿಯ ತಲೆಯ ಮೇಲೆ ಕೂತಿತ್ತು. ಅದು ಅಲ್ಲೇ ಕೂತಿರುವಂತೆ ನೋಡಿಕೊಂಡವಳೂ ನಾನೇ. ಅಷ್ಟೂ ದಿನ ಅವಳು ಬಡಿಸಿದ ಅನ್ನವನ್ನೇ ಉಂಡೆ. ನಾನು ಓದಿದ್ದು ಆರನೇ ಕ್ಲಾಸು. ಸುತ್ತಿ ಬಳಸಿ ಬರೆಯಲು ಬಾರದು, ನಡೆದ ಹಾಗೆ ಬರೆಯುತ್ತೇನೆ.

ಅಮ್ಮ ತೀರಿಕೊಂಡಾಗ ತಮ್ಮನಿಗೆ ನಾಲ್ಕು ವರ್ಷ. ಅವನನ್ನು ನೋಡಿಕೊಳ್ಳಲು ನಾನು ಶಾಲೆ ಬಿಟ್ಟೆ. ನನ್ನ ಮದುವೆಯ ಮಾತು ಎರಡು ಸಲ ಬಂದು, ಎರಡು ಸಲವೂ ಅಲ್ಲಿಗೇ ನಿಂತಿತು. ಮುಂದೆ ಅವನಿಗೆ ಭದ್ರಾವತಿಯ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸವಾಗಿ ನ್ಯೂ ಟೌನಿನಲ್ಲಿ ಕ್ವಾರ್ಟರ್ಸ್ ಸಿಕ್ಕಿದಾಗ ನಾನೂ ಅವನ ಜೊತೆ ಬಂದೆ.

ಎರಡು ಸಾವಿರದ ಇಸವಿಯ ಆಚೀಚೆ ಅವನಿಗೆ ಸಮುದ್ರದ ಹುಚ್ಚು ಹಿಡಿಯಿತು. ಶಿವಮೊಗ್ಗದಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ ಮಾಡಿಸಿ ತಂದ. ಮಂಗಳೂರಿಗೆ ಹೋಗಿಬರುವ ಲಾರಿ ಡ್ರೈವರೊಬ್ಬರು ಕ್ಯಾನುಗಳಲ್ಲಿ ಸಮುದ್ರದ ನೀರು ತಂದುಕೊಡುತ್ತಿದ್ದರು. ಬೆಂಗಳೂರಿನ ಅಂಗಡಿಯಿಂದ ಕಲ್ಲುಗಳು ಬಂದವು. ನೋಡಲು ಬರೀ ಕಲ್ಲು, ನೀರಿಗಿಟ್ಟ ಮೇಲೆ ಅದರಿಂದ ಜೀವಗಳು ಹೊರಬಂದವು. ಕೊಳವೆಯೊಳಗಿಂದ ಚಾಮರದಂತೆ ಬಿಚ್ಚಿಕೊಳ್ಳುವ ಹುಳು, ಬಾಯಿ ತೆರೆದು ಮುಚ್ಚುವ ಚಿಪ್ಪು. ಇವು ಮೀನಿನ ಕಾಳು ತಿನ್ನುವುದಿಲ್ಲ. ಸಮುದ್ರದ ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಪಾಚಿಯೇ ಇವುಗಳ ಊಟ. ಅದನ್ನು ಜೀವಂತವಾಗಿ ಮನೆಯಲ್ಲೇ ಬೆಳೆಸಬೇಕು.

ಕರಾವಳಿಯಲ್ಲಿ ಸಿಗಡಿ ಮರಿ ಮಾಡುವ ಕಡೆಯಿಂದ ತಮ್ಮ ಒಂದು ಬಾಟಲಿ ಹಸಿರು ನೀರು ತರಿಸಿದ. ಒಳಕೋಣೆಯ ಗೋಡೆಗೆ ಟ್ಯೂಬ್‌ಲೈಟು ಹಾಕಿ, ಅದರ ಮುಂದೆ ಸೋಡಾ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ಗಾಳಿಯ ಪೈಪು ಬಿಟ್ಟ. ಕಾಸಿ ಆರಿಸಿದ ಸಮುದ್ರದ ನೀರು, ಅಳೆದು ಹಾಕಿದ ನಾಲ್ಕು ಹನಿ ಗೊಬ್ಬರದ ನೀರು.

"ಇದು ಮೊಸರಿನ ಹೆಪ್ಪು ಇದ್ದ ಹಾಗೆ ಅಕ್ಕ. ವಾರಕ್ಕೊಂದ್ಸಲ ಸ್ವಲ್ಪ ಉಳಿಸ್ಕೊಂಡು ಹೊಸ ನೀರು ಹಾಕೋದು. ನಿಂಗೆ ನಾನೇನು ಹೇಳಿಕೊಡ್ಲಿ?" ಅಂದ.

"ಮೊಸರಾದ್ರೆ ಮನುಷ್ಯರು ತಿಂತಾರೆ. ನೀನು ಹುಳ ಸಾಕೋಕೆ ಹೆಪ್ಪು ಹಾಕ್ತಿದ್ದೀಯ," ಅಂದೆ ನಾನು.

"ಬೈಕೊ. ಆದ್ರೆ ಒಂದು ನೇಮ ಮಾತ್ರ ತಪ್ಪಬೇಡ. ತೊಟ್ಟಿಗೆ ತಾಗಿದ ಲೋಟದಿಂದ ಒಂದು ಹನಿನೂ ವಾಪಸ್ ಬಾಟಲಿಗೆ ಹೋಗಬಾರದು. ಎಂಜಲು ಅಂತ ತಿಳ್ಕೊ."

"ಹುಳಕ್ಕೂ ಎಂಜಲಾ ಮಾರಾಯ!" ಎಂದು ನಗಾಡಿಬಿಟ್ಟೆ. ಅಡುಗೆಮನೆಯಲ್ಲಿ ಎಂಜಲು ಮುಸುರೆ ಎಂದು ಎಲ್ಲರ ಪ್ರಾಣ ತೆಗೆಯುತ್ತಿದ್ದವಳು ನಾನು.

ಪಕ್ಕದ ಕ್ವಾರ್ಟರ್ಸಿನ ತಮಿಳು ಹೆಂಗಸು ಕಿಟಕಿಯಿಂದ ಬಾಟಲಿಗಳನ್ನು ನೋಡಿ, "ಏನಕ್ಕಾ, ಲೈನಾಗಿ ನಿಲ್ಸಿದ್ದೀರಾ, ಗುಳುಗುಳು ಸೌಂಡು ಬೇರೆ. ನಮ್ಮನೆಯವರು ಒಂದು ಗ್ಲಾಸ್ ಸಿಗುತ್ತಾ ಕೇಳು ಅಂದ್ರು," ಎಂದು ಕಣ್ಣು ಹೊಡೆದಿದ್ದಳು.

ತಮ್ಮನ ಹೆಂಡತಿ ಹೊಳಲೂರಿನವಳು. ಹೊಳೆಯಲ್ಲಿ ಈಜಿ ಬೆಳೆದವಳು, ನೀರೆಂದರೆ ಅವಳಿಗೆ ಸಂಭ್ರಮ. ಹುಳ ಬಿಚ್ಚಿಕೊಂಡಾಗಲೆಲ್ಲ "ಅಕ್ಕ, ಬನ್ನಿ ಬೇಗ, ಮುಚ್ಕೊಂಡುಬಿಡುತ್ತೆ!" ಎಂದು ಕೂಗಿ ಕರೆಯುತ್ತಿದ್ದಳು. ನಾನು ಹೋಗಿ ನೋಡುತ್ತಿದ್ದೆ. ಆದರೆ ನೋಡುತ್ತಿದ್ದದ್ದು ಹೆಚ್ಚಾಗಿ ಅವಳನ್ನು. ಅವಳು ಮನೆಗೆ ಬಂದಂದಿನಿಂದ ನನ್ನ ಒಂದು ಕಣ್ಣು ಅವಳ ಮೇಲೇ ಇತ್ತು. ಹಾಲಿನ ಕೆನೆ ತೆಳುವಾದರೆ, ಸಕ್ಕರೆ ಡಬ್ಬಿಯ ಮುಚ್ಚಳ ಸಡಿಲವಾದರೆ, ತಮ್ಮ ನನ್ನ ಜೊತೆ ಎರಡು ಮಾತು ಕಡಿಮೆ ಆಡಿದರೆ, ಎಲ್ಲದರಲ್ಲೂ ಅವಳ ಕೈಯನ್ನು ಹುಡುಕುತ್ತಿದ್ದೆ.

ಬೆಳಿಗ್ಗೆ ತಮ್ಮ ಶಿಫ್ಟಿಗೆ ಹೋದ ಮೇಲೆ ಒಂದು ಲೋಟ ಹಸಿರು ನೀರನ್ನು ತೊಟ್ಟಿಗೆ ಹಾಕುವುದು ನನ್ನ ಕೆಲಸ. ತಳದಲ್ಲಿ ಪಾಚಿ ಕೂರದ ಹಾಗೆ ಸಂಜೆ ಬಾಟಲಿಗಳನ್ನು ಅಲ್ಲಾಡಿಸುವುದು ಅವಳ ಕೆಲಸ.

ಮಳೆಗಾಲ ಮುಗಿದ ಮೇಲೆ ಒಂದು ದಿನ ಬಾಟಲಿಗಳ ಬಣ್ಣ ಇಳಿಯತೊಡಗಿತು. ಮೂರು ದಿನದಲ್ಲಿ ಮೇಲೆಲ್ಲ ತಿಳಿನೀರು, ತಳದಲ್ಲಿ ಟೀ ಚರಟದಂಥ ಕಸ. ತಮ್ಮ ಫ್ರಿಜ್ಜಿನ ಬಾಗಿಲಲ್ಲಿ ಜೋಪಾನವಾಗಿಟ್ಟಿದ್ದ ಹೆಪ್ಪಿನ ಬಾಟಲಿ ತೆಗೆದು ಮತ್ತೆ ಶುರುಮಾಡಿದ. ಹತ್ತು ದಿನಕ್ಕೆ ಅದೂ ತಿಳಿಯಾಯಿತು. ಫ್ರಿಜ್ಜಿನಲ್ಲಿ ಉಳಿದಿದ್ದ ಹೆಪ್ಪಿನಲ್ಲಿ ಸ್ವಲ್ಪ ಹಾಕಿ ಮೂರನೇ ಸಲ ಶುರುಮಾಡಿದ. ತೊಟ್ಟಿಯ ಹುಳಗಳು ಅರ್ಧ ಮಾತ್ರ ಬಿಚ್ಚಿಕೊಂಡು ಸೊರಗಿ ನಿಂತವು.

"ಯಾರಾದ್ರೂ ಸೋಪಿನ ಕೈಲಿ ಮುಟ್ಟಿದ್ರಾ?" ತಮ್ಮ ಇಬ್ಬರನ್ನೂ ಕೇಳಿದ.

ಅವಳು ಬಾಯಿ ತೆರೆಯುವ ಮೊದಲೇ ನಾನು, "ಬಟ್ಟೆ ಒಗೆಯೋದು ನಾನಲ್ಲಪ್ಪ," ಅಂದೆ.

ಅಲ್ಲಿಂದ ನಾನು ಕಾವಲು ಶುರುಮಾಡಿದೆ. ಬಾಟಲಿಗಳ ಕತ್ತಿಗೆ ಗೊತ್ತಾಗದ ಹಾಗೆ ಒಂದೆಳೆ ದಾರ ಸುತ್ತಿಟ್ಟೆ. ಒಂದು ಸಂಜೆ ದಾರ ಜಾರಿತ್ತು. ಕೇಳಿದ್ದಕ್ಕೆ, "ಪೈಪು ಕಳಚಿಹೋಗಿತ್ತು ಅಕ್ಕ, ಮುಚ್ಚಳ ತೆಗೆದು ಸಿಕ್ಕಿಸಿದೆ," ಅಂದಳು. ತಮ್ಮನಿಗೆ ನಾನು ಮುಟ್ಟಿಸಿದ್ದು, ಅವಳು ಮುಚ್ಚಳ ತೆಗೆದಿದ್ದಳು ಎಂಬಷ್ಟನ್ನು ಮಾತ್ರ. "ನಿಮ್ಮ ತಮ್ಮ ನನ್ನ ಮುಖ ಇಷ್ಟು ಹೊತ್ತು ನೋಡಿದ್ದಿಲ್ಲ, ನಾನೂ ಹಸಿರು ಸೀರೆ ಉಟ್ಟು ಬಾಟಲಿ ಪಕ್ಕ ನಿಲ್ಬೇಕು," ಎಂದು ಹಿಂದೊಮ್ಮೆ ಅವಳು ನಗೆಯಾಡಿದ್ದಳು. ಅದನ್ನೂ ಮುಟ್ಟಿಸಿದೆ, ಅವಳ ನಗುವನ್ನು ಬಿಟ್ಟು.

ಮಧ್ಯಾಹ್ನದ ಊಟದ ಹೊತ್ತಿಗೆ ಮಾತು ಬಂತು. "ನಿಂಗೆ ಬೇಡ ಅಂದ್ರೆ ಬೇಡ ಅನ್ಬೇಕಿತ್ತು. ಕದ್ದು ಹಾಳ್ಮಾಡೋದ್ಯಾಕೆ?" ಎಂದು ತಮ್ಮ ತಟ್ಟೆ ನೋಡುತ್ತಲೇ ಕೇಳಿದ.

ಅವಳ ಕೈಯಲ್ಲಿ ಸಾರಿನ ಸೌಟು. "ನಾನಾ?" ಅಂದಳು. ಆಮೇಲೆ ಅವನನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ಅಕ್ಕ, ನೀವು ಮನೇಲೇ ಇರ್ತೀರಲ್ಲ. ನೀವೇ ಹೇಳಿ. ನಾನು ಏನಾದ್ರೂ ಹಾಕಿದ್ದು ನೋಡಿದ್ದೀರಾ?"

"ನೋಡಿದ್ದು ಹೇಳಿದ್ದೀನಿ. ನೋಡದೆ ಇದ್ದದ್ದು ನಂಗೇನು ಗೊತ್ತು?"

ಮಾರನೇ ದಿನ ಅವಳು ತವರಿಗೆ ಹೊರಟಳು. ಬಸ್ಸಿನವರೆಗೂ ತಮ್ಮ ಹೋಗಲಿಲ್ಲ.

ಆವರೆಗೆ ನಾನು ನಿಜವಾಗಿಯೂ ಅವಳೇ ಎಂದು ನಂಬಿದ್ದೆ. ನನ್ನ ಪಾಲಿಗೆ ಇರುವ ಒಂದೇ ಸಮಾಧಾನ ಅದು. ಅದು ಉಳಿದದ್ದೂ ಇನ್ನು ಐದೇ ದಿನ.

ಆರನೆಯ ದಿನ ಬೆಳಿಗ್ಗೆ ತೊಟ್ಟಿಯ ಮುಂದೆ ನಿಂತಿದ್ದೆ. ನೀರು ರಭಸವಾಗಿ ಬಿದ್ದರೆ ಹುಳ ಮುಚ್ಚಿಕೊಳ್ಳುತ್ತದೆಂದು ಲೋಟವನ್ನು ಅರ್ಧ ಮುಳುಗಿಸಿಯೇ ಬಗ್ಗಿಸುವುದು ನನಗೆ ರೂಢಿಯಾಗಿತ್ತು. ತಳದಲ್ಲಿ ಎರಡು ಬೆರಳಷ್ಟು ಉಳಿಯಿತು. ಎಂದಿನಂತೆ ಅದನ್ನು ತಂದು ಬಾಟಲಿಗೆ ಸುರಿದೆ. ಹಾಲಾಗಲಿ ಸಾರಾಗಲಿ, ಪಾತ್ರೆಯ ತಳದಲ್ಲಿದ್ದುದನ್ನು ಚೆಲ್ಲಿ ನನಗೆ ಗೊತ್ತೇ ಇಲ್ಲ. ಸುರಿಯುವಾಗ ಬೆಳಕಿಗೆ ಅಡ್ಡವಾಗಿ ಬಾಟಲಿ ಕಾಣಿಸಿತು. ಹಸಿರು ಮತ್ತೆ ಮಾಸಿತ್ತು. ಒಳಗೆ ರವೆಯ ಪುಡಿಯಂಥ ಬಿಳಿ ಚುಕ್ಕೆಗಳು ಚಿಮ್ಮಿ ಚಿಮ್ಮಿ ಓಡಾಡುತ್ತಿದ್ದವು.

ಅವನ್ನು ನಾನು ಮೊದಲೂ ನೋಡಿದ್ದೆ. ತೊಟ್ಟಿಯ ಗಾಜಿನ ಮೇಲೆ, ತಮ್ಮ ಭೂತಗನ್ನಡಿ ಹಿಡಿದು ತೋರಿಸಿದ್ದ. "ಇವೂ ಹಸಿರು ತಿಂದೇ ಬದುಕೋದು ಅಕ್ಕ," ಅಂದಿದ್ದ.

ಲೋಟ ಹಿಡಿದುಕೊಂಡೇ ನೆಲಕ್ಕೆ ಕೂತೆ. ಮನೆಯಲ್ಲಿ ಇನ್ನಾರೂ ಇರಲಿಲ್ಲ. ಇಷ್ಟು ದಿನ ಕಾವಲಿದ್ದು ಹಿಡಿಯಬೇಕಾಗಿದ್ದ ಕೈ ನನ್ನ ಮಡಿಲಲ್ಲೇ ಇತ್ತು.

ಆಗಲಾದರೂ ಹೇಳಬಹುದಿತ್ತು. ನಾನು ಮಾಡಿದ್ದೇ ಬೇರೆ. ಬಾಟಲಿಗಳನ್ನು ಬಿಸಿನೀರಿನಲ್ಲಿ ತೊಳೆದೆ, ಸಮುದ್ರದ ನೀರು ಕಾಸಿ ಆರಿಸಿದೆ, ಫ್ರಿಜ್ಜಿನ ಹೆಪ್ಪು ಹಾಕಿ ಅವನು ಬರುವಷ್ಟರಲ್ಲಿ ಟ್ಯೂಬ್‌ಲೈಟಿನ ಮುಂದೆ ನಿಲ್ಲಿಸಿದೆ. ಬಣ್ಣ ತೆಳುವಾಗಿದೆಯಲ್ಲ ಎಂದಾಗ, "ವಾರ ಆಯ್ತಲ್ಲ, ಹೊಸ ನೀರು ಹಾಕಿದೆ," ಅಂದೆ. ಮಾರನೆಯ ದಿನದಿಂದ ಲೋಟದಲ್ಲಿ ಉಳಿದದ್ದನ್ನು ಬಚ್ಚಲಿಗೆ ಚೆಲ್ಲಿದೆ. ಎರಡು ವಾರದಲ್ಲಿ ಬಾಟಲಿಗಳು ನುಗ್ಗೆಸೊಪ್ಪು ಅರೆದ ಹಾಗೆ ದಟ್ಟ ಹಸಿರಾದವು.

"ನೋಡಿದ್ಯಾ ಅಕ್ಕ? ಅವಳು ಹೋದ್ಮೇಲೆ ಒಂದ್ಸಲನಾದ್ರೂ ಕೆಟ್ಟಿದ್ಯಾ?" ಅಂದ ತಮ್ಮ.

"ಹ್ಞೂಂ," ಅಂದೆ.

ಬಾಟಲಿ ಹಾಳಾದದ್ದು ತಿಳಿಯದೆ ಆದದ್ದು. ಈ ಹ್ಞೂಂ ತಿಳಿದೇ ಅಂದದ್ದು.

ತಿಂಗಳ ಮೇಲೆ ಅವಳ ಅಪ್ಪ ಅವಳನ್ನು ಕರೆತಂದು ಬಿಟ್ಟು, ಒಂದು ಲೋಟ ನೀರನ್ನೂ ಕುಡಿಯದೆ ಹೋದರು. ಅವಳು ಜಗಳ ತೆಗೆಯಲಿಲ್ಲ. ಒಳಕೋಣೆಯ ಹೊಸ್ತಿಲವರೆಗೆ ಕಸ ಗುಡಿಸಿ ಪೊರಕೆಯನ್ನು ನನಗಾಗಿ ಅಲ್ಲೇ ಗೋಡೆಗೆ ಒರಗಿಸಿಟ್ಟು ಹೋಗುತ್ತಿದ್ದಳು. ನನ್ನನ್ನು ಅಕ್ಕ ಎಂದು ಕರೆಯುವುದು ನಿಂತಿತು. "ಊಟಕ್ಕೆ ಬರ್ಬೇಕಂತೆ," ಎಂದು ಗೋಡೆಗೆ ಹೇಳಿದಂತೆ ಹೇಳುತ್ತಿದ್ದಳು.

ಆಮೇಲೆ ನನ್ನ ಅನುಮಾನ ನನ್ನ ಕಡೆಗೇ ತಿರುಗಿತು. ಅವಳಿಗೆ ಗೊತ್ತಾಗಿದೆಯೇ? ಬಚ್ಚಲಲ್ಲಿ ಹಸಿರು ಕಲೆ ಕಂಡಳೇ? ತಮ್ಮ ಭೂತಗನ್ನಡಿ ಕೈಗೆತ್ತಿಕೊಂಡರೆ ಏನೋ ನೆಪ ಹೇಳಿ ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಒಮ್ಮೆ ನಾನೂ ಅವಳೂ ಶಿವಮೊಗ್ಗಕ್ಕೆ ಹೋಗಿ ಕೋಟೆಯ ಗುಡಿಯಲ್ಲಿ ಕೈ ಮುಗಿದು ನಿಂತಿದ್ದೆವು. ದೇವರಿಗೆ ಎಲ್ಲವನ್ನೂ ಹೇಳಿದೆ. ಮೊಳಕೈ ತಾಗುವಷ್ಟು ಹತ್ತಿರ ನಿಂತಿದ್ದವಳಿಗೆ ಹೇಳಲಿಲ್ಲ.

ತೊಟ್ಟಿ ನೋಡಲು ಬಂದವರ ಮುಂದೆ ತಮ್ಮ ಒಂದು ತಮಾಷೆ ಹೇಳುವುದು ವಾಡಿಕೆಯಾಯಿತು. ನಾಲ್ಕು ವರ್ಷದಲ್ಲಿ ಅದನ್ನು ಎಷ್ಟು ಸಲ ಕೇಳಿದೆನೋ. ಕೊನೆಯ ಸಲ ಕೇಳಿದ್ದು ಒಂದು ಭಾನುವಾರ, ಅವನ ಶಿಫ್ಟಿನ ಜೊತೆಗಾರ ಹೆಂಡತಿಯನ್ನು ಕರೆದುಕೊಂಡು ಬಂದಿದ್ದಾಗ.

"ಇದು ಕೆಡಲ್ವಾ ಗುರುವೇ?" ಎಂದು ಆತ ಬಾಟಲಿ ನೋಡಿ ಕೇಳಿದ.

"ಒಂದ್ಸಲ ಕೆಟ್ಟಿತ್ತು. ಔಷಧಿ ಏನು ಗೊತ್ತಾ? ಹೆಂಡ್ತೀನ ಒಂದು ತಿಂಗಳು ತವರಿಗೆ ಕಳಿಸಿದೆ, ತಾನಾಗೇ ಹಸಿರಾಯ್ತು!"

ಬಂದವರು ನಕ್ಕರು. ಅವಳು ಕಾಫಿ ತಟ್ಟೆ ಹಿಡಿದು ಹೊಸ್ತಿಲಾಚೆ ನಿಂತಿದ್ದಳು. ಒಳಗೆ ಬರುವಂತಿಲ್ಲ, ತಟ್ಟೆ ಕೆಳಗಿಡುವಂತಿಲ್ಲ. ಬಂದಿದ್ದ ಹೆಂಗಸು ಅವಳನ್ನು ನೋಡಿ, "ಭಾರೀ ಘಾಟಿ ಇದ್ದೀರಿ ಬಿಡಿ ನೀವು," ಅಂದಳು. ತಮ್ಮನ ಹೆಂಡತಿಯೂ ತುಟಿ ಅರಳಿಸಿದಳು. ಅವಳು ಹಾಗೆ ನಗಲು ಕಲಿತುಬಿಟ್ಟಿದ್ದಾಳೆ ಎಂಬುದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

ನಾನು ಎದ್ದು ಹೋಗಿ ಅವಳ ಕೈಯಿಂದ ತಟ್ಟೆ ತೆಗೆದುಕೊಂಡೆ. ಅದನ್ನು ಮೇಜಿನ ಮೇಲಿಟ್ಟೆ.

"ಆ ತಮಾಷೆ ಇನ್ನು ಸಾಕು ಕಣೋ," ಎಂದು ತಮ್ಮನಿಗೆ ಹೇಳಿದೆ. "ತೊಟ್ಟೀಲಿ ಅದ್ದಿದ ಲೋಟದ ನೀರು ದಿನಾ ಬಾಟಲಿಗೆ ಸುರೀತಿದ್ದೋಳು ನಾನು. ಇವಳು ತವರಲ್ಲಿದ್ದಾಗ್ಲೂ ಕೆಟ್ಟಿತ್ತು. ಗೊತ್ತಾದ್ಮೇಲೆ ಮುಚ್ಚಿಟ್ಟೆ."

ತಮ್ಮ ಏನೋ ಅನ್ನಲು ಬಾಯಿ ತೆರೆದ. ನಾನು ಅವನ ಕಡೆ ನೋಡಲಿಲ್ಲ. ಅವಳು ಹೊಸ್ತಿಲಾಚೆಯೇ ನಿಂತಿದ್ದಳು.

"ನೀನೇನೂ ಮಾಡಿರ್ಲಿಲ್ಲ ಕಣಮ್ಮ," ಅಂದೆ. "ಗೊತ್ತಿದ್ದೂ ನಾಲ್ಕು ವರ್ಷ ಬಾಯಿ ಮುಚ್ಕೊಂಡಿದ್ದೆ. ನನ್ನಿಂದ ದೊಡ್ಡ ಅನ್ಯಾಯ ಆಯ್ತು. ನನ್ನ ಕ್ಷಮಿಸು."