ಬಂದ್ರೆ ಬರೋದು

ಮೇಡಂ ತುರುಬಿನಲ್ಲಿ ಹೂವಿರುತ್ತಿರಲಿಲ್ಲ, ಪೆನ್ಸಿಲ್ ಇರುತ್ತಿತ್ತು. ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರಲ್ಲಿ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ಅವರ ಹೊಣೆ. ನಾನು ಅವರ ಅಸಿಸ್ಟೆಂಟ್. ಹೊಸಬರ ಆಫರ್ ಲೆಟರಿನ ಹಿಂಬದಿಗೆ ಅವರು ಸಂಬಳವನ್ನು ಪೆನ್ನಿನಲ್ಲಿ ಬರೆಯುತ್ತಿದ್ದರು. ಆಮೇಲೆ ತುರುಬಿಗೆ ಕೈ ಹಾಕಿ ಪೆನ್ಸಿಲ್ ಎಳೆದು, ಪ್ರೊಡಕ್ಷನ್ ಬೋನಸ್ ಬರೆಯುತ್ತಿದ್ದರು. “ಇದು ಬರೋದು. ಇದು ಬಂದ್ರೆ ಬರೋದು.”

ಅಷ್ಟಕ್ಕೇ ಬಿಡುತ್ತಿರಲಿಲ್ಲ. “ನಾನೇ ನಿಮ್ಮಮ್ಮ ಅನ್ಕೊಳ್ಳಿ. ಮನೆಗೆ ಹೋಗಿ ಏನಂತ ಹೇಳ್ತೀರಾ, ಹೇಳಿ ನೋಡೋಣ” ಎನ್ನುತ್ತಿದ್ದರು. ಎರಡನ್ನೂ ಕೂಡಿಸಿ ಹೇಳಿದವರಿಗೆ ಮತ್ತೆ ಮೊದಲಿನಿಂದ ಪಾಠ. ಬೋನಸ್ ಬರಬೇಕಾದರೆ ವರ್ಷ ತುಂಬಬೇಕು, ರಜೆ ಮೀರಬಾರದು, ಆರ್ಡರ್ ಸಮಯಕ್ಕೆ ಹೋಗಬೇಕು. ಇಷ್ಟೂ ಹೊಸಬರ ಬಾಯಿಂದಲೇ ಬರುವವರೆಗೆ ಸಹಿ ಇಲ್ಲ. ಇದೆಂಥ ನಾಟಕವಪ್ಪಾ ಎಂದುಕೊಳ್ಳುತ್ತಿದ್ದೆ. ಪೆನ್ಸಿಲ್ಲೇ ಯಾಕೆ ಎಂದು ಕೇಳಿದರೆ ಸುಮ್ಮನೆ ನಗುತ್ತಿದ್ದರು.

ಒಮ್ಮೆ ಅವರು ರಜೆಯಲ್ಲಿದ್ದಾಗ ದೊಡ್ಡಬೆಳವಂಗಲದ ಕಟಿಂಗ್ ಮಾಸ್ಟರ್ ಒಬ್ಬರು ಬಂದರು. ಒಳ್ಳೆಯ ಕೆಲಸಗಾರ, ಬಿಡಬಾರದು ಎನ್ನಿಸಿತು. ಬೋನಸ್ಸನ್ನೂ ತಿಂಗಳ ಸಂಬಳಕ್ಕೆ ಸೇರಿಸಿ ಪೆನ್ನಿನಲ್ಲೇ ಬರೆದುಕೊಟ್ಟೆ. ಅವರು ಎಷ್ಟೋ ವರ್ಷದ ಹಳೆಯ ಕೆಲಸ ಬಿಟ್ಟು ಬಂದೇಬಿಟ್ಟರು. ಮೊದಲ ಸಂಬಳದ ದಿನ ಆ ಕಾಗದ ಹಿಡಿದುಕೊಂಡು ಮೇಡಂ ಎದುರು ನಿಂತರು.

ಮೇಡಂ ನನ್ನನ್ನು ಬೈಯಲಿಲ್ಲ. ತಪ್ಪು ನಮ್ಮದು ಎಂದು ಮಾಸ್ಟರಿಗೆ ಕೈಮುಗಿದರು. ಆಮೇಲೆ ನನ್ನ ಕಡೆ ತಿರುಗಿ, “ನಡೀರಿ, ಅವರ ಮನೇಲಿ ನೀವೇ ಹೇಳ್ಬೇಕು” ಎಂದು ಸ್ಕೂಟರಿನ ಕೀ ತೆಗೆದುಕೊಂಡರು.

ಆ ಮನೆಯ ಜಗಲಿಯ ಮೇಲೆ ಕೂತು, ತೊದಲುತ್ತಾ ಎಲ್ಲ ಹೇಳಿದೆ. ಮಾಸ್ಟರ್ ಹೆಂಡತಿ ಕಾಫಿ ಲೋಟವನ್ನು ನನ್ನ ಮುಂದಿಟ್ಟು ಹೇಳಿದರು: “ಇವ್ರು ಬೇಡ ಅಂತಿದ್ರಣ್ಣ. ನಿಮ್ ಕಾಗದ ನೋಡಿ ನಾನೇ ಆ ಕೆಲ್ಸ ಬಿಡ್ಸಿದೆ.”

ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಹಳೆಯ ಜಾಗಕ್ಕೆ ಅಷ್ಟರಲ್ಲಿ ಬೇರೆಯವರು ಬಂದಾಗಿತ್ತು. ಮಾಸ್ಟರ್ ನಮ್ಮಲ್ಲೇ ಉಳಿದರು. ಈಗಲೂ ಗೇಟಿನಲ್ಲಿ ಸಿಕ್ಕರೆ ನಮಸ್ಕಾರ ಎನ್ನುತ್ತಾರೆ. ಅದಕ್ಕಿಂತ ನಾಲ್ಕು ಬೈದಿದ್ದರೆ ವಾಸಿಯಿತ್ತು. ಪೆನ್ಸಿಲ್ ಯಾಕೆ ಎಂದು ಮೇಡಂ ಅವರನ್ನು ನಾನು ಮತ್ತೆ ಕೇಳಲಿಲ್ಲ.

ಮೇಡಂ ಹೋದ ವರ್ಷ ತೀರಿಕೊಂಡರು. ಆ ಕುರ್ಚಿಯಲ್ಲಿ ಈಗ ನಾನಿದ್ದೇನೆ. ಮೊನ್ನೆ ತೂಬಗೆರೆಯ ಹುಡುಗಿಯೊಬ್ಬಳಿಗೆ, ನಾನೇ ನಿಮ್ಮಮ್ಮ ಅಂದುಕೊಂಡು ಹೇಳಮ್ಮ ಎಂದೆ. ನನ್ನ ಮೀಸೆ ನೋಡಿ ಕಿಸಕ್ಕನೆ ನಕ್ಕಳು. ನಗು ತಡೆದುಕೊಂಡು ಹೇಳಿದಳು: “ಅಮ್ಮಾ, ಪೆನ್ಸಿಲ್ಲಲ್ಲಿ ಬರ್ದಿರೋದನ್ನ ನಂಬ್ಕೊಂಡು ಚೀಟಿ ಗೀಟಿ ಹಾಕ್ಬಿಡ್ಬೇಡ.”

ಮೇಡಂ ಇದನ್ನು ಕೇಳಬೇಕಿತ್ತು. ಸಹಿ ಹಾಕಿ ಕೊಟ್ಟೆ.