ಗುಬ್ಬಿ ರಸ್ತೆಯ ಇನ್ನೊಂದು ತುದಿ

ತುಮಕೂರಿನಿಂದ ಗುಬ್ಬಿಗೆ ಹೋಗುವ ರಸ್ತೆ ಗುಬ್ಬಿಯಲ್ಲಿ ಮುಗಿಯುವುದಿಲ್ಲ. ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿ, ಘಟ್ಟ ಇಳಿದು, ಹೊನ್ನಾವರದಲ್ಲಿ ಸಮುದ್ರದ ಹತ್ತಿರ ಹೋಗಿ ನಿಲ್ಲುತ್ತದೆ. ಅಪ್ಪ ಇಪ್ಪತ್ತೊಂಬತ್ತು ವರ್ಷ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದ. ಬಹುಪಾಲು ತುಮಕೂರು–ಗುಬ್ಬಿ, ಇಲ್ಲವೇ ತುಮಕೂರು–ಕುಣಿಗಲ್ ರೂಟು. ದಿನಕ್ಕೆ ಹಲವು ಸಲ ಆ ರಸ್ತೆಯಲ್ಲಿ ಗುಬ್ಬಿಯವರೆಗೆ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ಬಸ್ಸನ್ನು ತಿರುಗಿಸಿಕೊಂಡು ಬರುತ್ತಿದ್ದ. ಊಟಕ್ಕೆ ಕೂತಾಗ ಒಮ್ಮೊಮ್ಮೆ, "ತಿರುಗಿಸ್ದೆ ಹಂಗೇ ಹೋಗ್ಬಿಟ್ರೆ ಸಮುದ್ರ ಕಣೇ," ಎನ್ನುತ್ತಿದ್ದ.

"ಹೋಗ್ಬಿಡಿ. ಟಿಕೆಟ್ ತಗೊಂಡಿರೋರು ಸುಮ್ನಿರ್ತಾರಾ ನೋಡಣ," ಎನ್ನುತ್ತಿದ್ದಳು ಅಮ್ಮ.

ನಿವೃತ್ತಿಯಾದ ಮೇಲೆ ಅಪ್ಪ ಹಳೆಯದೊಂದು ಶಾಲಾ ವ್ಯಾನ್ ಕೊಂಡ. ಕುಣಿಗಲ್‌ನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ನನ್ನ ಸೋದರಮಾವ ಅದರ ಸೀಟುಗಳನ್ನು ಕಿತ್ತು, ಎರಡು ಮಂಚ, ಗ್ಯಾಸ್ ಸ್ಟವ್‌ಗೆ ಒಂದು ಕಟ್ಟೆ, ನೀರಿನ ಡ್ರಮ್ಮು ಎಲ್ಲ ಕೂರಿಸಿಕೊಟ್ಟ. ಛಾವಣಿಗೆ ತೂತು ಕೊರೆದು ಒಂದು ಫ್ಯಾನನ್ನೂ ಹಾಕಿದ. ಅಮ್ಮನ ತಮ್ಮನ ಕೆಲಸವಾದ್ದರಿಂದ ಅದರ ಬಗ್ಗೆ ಯಾರೂ ತುಟಿ ಬಿಚ್ಚುವ ಹಾಗಿರಲಿಲ್ಲ. ನಾನು ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ನನಗೆ ರಜೆ ಸಿಕ್ಕಿದ್ದು ಜುಲೈನಲ್ಲಿ. ಹಾಗಾಗಿ ಕರಾವಳಿಯಲ್ಲಿ ಮಳೆ ಜೋರಾಗಿರುವಾಗಲೇ ನಾವು ಹೊರಟೆವು: ಅಪ್ಪ, ಅಮ್ಮ, ಗುಬ್ಬಿ ಹತ್ತಿರದ ಕಡಬದ ತೋಟದಿಂದ ಬಂದ ಅಜ್ಜಿ, ನಾನು. ಅಜ್ಜಿ ಎಂದರೆ ಅಪ್ಪನ ತಾಯಿ. ಅವಳು ಒಂದು ಮೂಟೆ ತೆಂಗಿನಕಾಯಿಯನ್ನೂ ತಂದಿದ್ದಳು.

"ಸಮುದ್ರದ ಕಡೆಗೆ ತೆಂಗಿನಕಾಯಿ ಯಾಕತ್ತೆ?" ಎಂದು ಅಮ್ಮ ಕೇಳಿದಳು.

"ಅಲ್ಲಿ ಕಾಯಿ ಹೆಂಗಿರ್ತವೋ ಏನೋ, ಯಾರಿಗ್ ಗೊತ್ತು. ಸಾರಿಗೆ ಬ್ಯಾಡ್ವಾ?" ಎಂದಳು ಅಜ್ಜಿ.

ಹೊರಡುವ ಹಿಂದಿನ ದಿನ ಅಡುಗೆಮನೆಯಲ್ಲಿ ಅಮ್ಮ ನನಗೊಂದು ಕೆಲಸ ಒಪ್ಪಿಸಿದ್ದಳು. ಕೆಲವು ತಿಂಗಳಿಂದ ಮಳೆ ಬಂದರೆ ಅಪ್ಪನಿಗೆ ರಸ್ತೆ ಸರಿಯಾಗಿ ಕಾಣಿಸುತ್ತಿರಲಿಲ್ಲ. ಹೆಬ್ಬೂರಿನ ಹತ್ತಿರ ಒಂದು ಸಂಜೆ, ಟಾರ್ಪಾಲು ಹೊದಿಸಿದ ರಾಗಿಹುಲ್ಲಿನ ಗುಡ್ಡೆಯನ್ನು ಎಮ್ಮೆ ಎಂದುಕೊಂಡು ಬ್ರೇಕ್ ಒತ್ತಿ, ನಮ್ಮನ್ನೆಲ್ಲ ಮುಂದಕ್ಕೆ ಎಸೆದಿದ್ದ. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದರೆ, ಚಾಳೀಸಿಗೆಲ್ಲ ಯಾವ ಡಾಕ್ಟರು ಎನ್ನುತ್ತಿದ್ದ.

"ನಾನ್ ಹೇಳಿದ್ರೆ ಜಗಳ ಅನ್ಕೋತಾರೆ. ನೀನು ನೋಡ್ತಾ ಇರು. ಸರಿ ಇಲ್ಲ ಅನ್ನಿಸ್ತಾ, ಸ್ಟಿಯರಿಂಗ್ ಬಿಟ್ಕೊಡು ಅಂತ ನೀನೇ ಹೇಳ್ಬೇಕು," ಎಂದಳು ಅಮ್ಮ.

ನನಗೆ ಕಾರು ಓಡಿಸಿ ಐದು ವರ್ಷದ ಅಭ್ಯಾಸವಿದೆ. ಆದರೂ ವ್ಯಾನಿನ ಕೀಲಿಯನ್ನು ಅಪ್ಪ ನನ್ನ ಕೈಗೆ ಕೊಟ್ಟಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನಾನು ಮನೆಯಲ್ಲಿ ಮಾತಾಡುವುದು ಕಡಿಮೆ. ನಲವತ್ತು ಮಕ್ಕಳ ಮುಂದೆ ಒಂದು ಗಂಟೆ ನಿಂತು ಪಾಠ ಮಾಡಬಲ್ಲೆ. ಡ್ರೈವರ್ ಆಗಿದ್ದವನಿಗೆ ನಿನ್ನಿಂದ ಆಗುತ್ತಿಲ್ಲ ಎಂದು ಹೇಳುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.

ಗುಬ್ಬಿ ಬಸ್ ಸ್ಟ್ಯಾಂಡ್ ದಾಟುವಾಗ ಅಪ್ಪ ಹಾರ್ನ್ ಮಾಡಿದ. ಅಲ್ಲಿ ತಿರುಗಿಸದೆ ಮುಂದೆ ಹೋದದ್ದಕ್ಕೆ ಅವನ ಮುಖದಲ್ಲಿ ಕಂಡ ಖುಷಿಯನ್ನು ನೋಡಿ, ಅಮ್ಮ ಒಪ್ಪಿಸಿದ ಕೆಲಸವನ್ನು ನಾನು ಶಿವಮೊಗ್ಗದವರೆಗೆ ಮರೆತೆ.

ಮಳೆ ಶುರುವಾದದ್ದು ಸಾಗರ ದಾಟಿದ ಮೇಲೆ. ಘಟ್ಟದ ತಿರುವೊಂದರಲ್ಲಿ ಹಂಪು ಕಾಣದೆ ಅಪ್ಪ ವ್ಯಾನನ್ನು ಎಗರಿಸಿದ. ಅದೇ ಹೊತ್ತಿಗೆ ಫ್ಯಾನಿನ ಸುತ್ತಲಿನ ಸಂದಿಯಿಂದ ನೀರು ಧಾರೆಯಾಗಿ ಅಜ್ಜಿಯ ಮೇಲೆ ಸುರಿಯಿತು.

"ಏನೇ, ನಿನ್ನ ತಮ್ಮ ಹಾಕಿರೋದು ಫ್ಯಾನೋ, ಷವರ್ರೋ?" ಎಂದ ಅಪ್ಪ.

"ನಿಧಾನಕ್ಕೆ ಓಡಿಸಿದ್ರೆ ಸೋರ್ತಿರ್ಲಿಲ್ಲ. ಬಸ್ಸು ಅನ್ಕೊಂಡಿದೀರಾ ಇದನ್ನ?" ಎಂದಳು ಅಮ್ಮ.

ಅಜ್ಜಿ ತಲೆಯ ಮೇಲೆ ಸ್ಟೀಲ್ ಬೇಸಿನ್ ಹಿಡಿದುಕೊಂಡು ಕೂತಳು. "ಬುಡ್ರಲಾ, ಕಡಬದ ಕೆರೆಗೆ ಇಷ್ಟ್ ನೀರ್ ಬಂದಿದ್ರೆ ಸಾಕಾಗಿತ್ತು," ಎಂದಳು.

ಮೊದಲ ರಾತ್ರಿ ಹೊನ್ನಾವರದ ಹೊರಗೆ ಪೆಟ್ರೋಲ್ ಬಂಕೊಂದರಲ್ಲಿ ಮಲಗಿದೆವು. ಬಂಕಿನಲ್ಲಿ ಮಲಗಲು ಇಷ್ಟು ದೂರ ಬರಬೇಕಿತ್ತೇ ಎಂದು ಅಪ್ಪನಿಗೆ ಬೇಸರ. ನಾಳೆ ನೀರಿನ ಪಕ್ಕದಲ್ಲೇ ನಿಲ್ಲಿಸುತ್ತೇನೆ ಎಂದ. ಮರುದಿನ ಮಳೆಯಲ್ಲೇ ಕುಮಟಾದ ಕಡೆಗೆ ಹೋದೆವು. ಸಮುದ್ರ ಬೂದಿ ಬಣ್ಣಕ್ಕಿತ್ತು. ಅಜ್ಜಿ ಅದನ್ನು ಕಿಟಕಿಯಿಂದ ಸ್ವಲ್ಪ ಹೊತ್ತು ನೋಡಿ, ದಾರಿಬದಿಯಲ್ಲಿ ರಾಶಿ ಹಾಕಿದ್ದ ತೆಂಗಿನಕಾಯಿಗಳ ಕಡೆಗೆ ಗಮನ ತಿರುಗಿಸಿದಳು. "ಇವೇನ್ ಕಾಯೋ, ನಿಂಬೇಹಣ್ಣೋ," ಎಂದಳು. ಮೂಟೆ ತಂದದ್ದು ಸಾರ್ಥಕವಾಗಿತ್ತು.

ತೊಂದರೆ ಶುರುವಾದದ್ದು ಸಂಜೆ ಐದರ ಹೊತ್ತಿಗೆ, ಜಾಗ ಹುಡುಕುವಾಗ. ತೆಂಗಿನ ತೋಟದವರಾದ ನಮ್ಮ ಮನೆಯಲ್ಲಿ ಒಂದು ಕಟ್ಟಪ್ಪಣೆ ಇದೆ. ತೆಂಗಿನ ಮರದ ಕೆಳಗೆ ಮಲಗಬಾರದು, ಗಾಡಿ ನಿಲ್ಲಿಸಬಾರದು, ನಿಂತುಕೊಂಡು ಮಾತಾಡಲೂ ಬಾರದು. ಯಾವುದೋ ಕಾಲದಲ್ಲಿ ಒಣಗರಿ ಬಿದ್ದು ಅಜ್ಜಿಯ ಭಾವನ ಭುಜ ಮುರಿದದ್ದು ನಮಗೆ ಈಗಲೂ ಹೋದ ವಾರದ ಸುದ್ದಿ. ಆದರೆ ಆ ಕರಾವಳಿಯಲ್ಲಿ ತೆಂಗಿನ ಮರವಿಲ್ಲದ ಜಾಗವೇ ಇರಲಿಲ್ಲ. ಗುಡಿಯ ಅಂಗಳ, ಶಾಲೆಯ ಬಯಲು, ಚಹದಂಗಡಿಯ ಪಕ್ಕ, ಎಲ್ಲಿ ನಿಲ್ಲಿಸಿದರೂ ಅಜ್ಜಿ ಕಿಟಕಿಯಿಂದ ತಲೆ ಹೊರಹಾಕಿ ಮೇಲೆ ನೋಡುವಳು.

"ಇಲ್ಲಿ ಬ್ಯಾಡ ಕಣ್ಲಾ. ಮೂರು ಗೊನೆ ಬಲ್ತವೆ."

"ಇಲ್ಲಿ?"

"ಗರಿ ನೋಡ್ಲಾ, ಇವತ್ತೋ ನಾಳೆಯೋ ಅನ್ನಂಗೈತೆ."

ಎಂಟನೆಯ ಜಾಗವೂ ಆಗಲಿಲ್ಲ. ಕೊನೆಗೆ ಹಿನ್ನೀರಿನ ಪಕ್ಕದ ಊರೊಂದರಲ್ಲಿ ಮರವೇ ಇಲ್ಲದ ಹಸಿರು ಬಯಲು ಸಿಕ್ಕಿತು. ಅಪ್ಪ ಸಂಭ್ರಮದಿಂದ ವ್ಯಾನನ್ನು ರಸ್ತೆಯಿಂದ ಇಳಿಸಿದ. ಹುಲ್ಲಿನ ನಡುವೆ ಅಲ್ಲಲ್ಲಿ ನೀರು ಮಿನುಗುತ್ತಿದ್ದದ್ದು ಪಕ್ಕದಲ್ಲಿ ಕೂತ ನನಗೆ ಕಾಣಿಸಿತು. ಅಪ್ಪನಿಗೂ ಕಾಣಿಸುತ್ತಿದೆ ಎಂದುಕೊಂಡೆ. ನಾನು ಬಾಯಿ ತೆರೆಯುವಷ್ಟರಲ್ಲಿ ಎಡಗಡೆಯ ಎರಡು ಚಕ್ರಗಳೂ ಮೆಲ್ಲಗೆ ಒಳಕ್ಕಿಳಿದವು.

ಕೊಡೆ ಹಿಡಿದ ಹೆಂಗಸೊಬ್ಬಳು ಹುಲ್ಲಿನ ಹೊರೆಯೊಡನೆ ಅಲ್ಲೇ ನಿಂತು ನೋಡುತ್ತಿದ್ದಳು.

"ಎಂತದ್ರಾ ಇದು? ಗಜನೀಲಿ ಗಾಡಿ ನಿಲ್ಸೂದಾ?"

ಉಪ್ಪುನೀರು ಬಂದುಹೋಗುವ ಗದ್ದೆಗೆ ಅಲ್ಲಿ ಗಜನಿ ಎನ್ನುತ್ತಾರಂತೆ. ಸಮುದ್ರ ಉಬ್ಬಿದಾಗ ಹಿನ್ನೀರು ಏರಿ ಅಂಚಿನ ಹುಲ್ಲಿನವರೆಗೂ ಬರುತ್ತದೆ, ಆಮೇಲೆ ಇಳಿಯುತ್ತದೆ. ಈಗ ಎಳೆದರೆ ಇನ್ನೂ ಹೂಳುತ್ತದೆ, ಬೆಳಿಗ್ಗೆ ನೀರು ಇಳಿದ ಮೇಲೆ ನೋಡೋಣ, ಅಲ್ಲಿಯವರೆಗೆ ನಮ್ಮ ಮನೆಗೆ ಬನ್ನಿ ಎಂದು ಅವಳು ಕರೆದಳು. ಅವಳ ಮನೆ ತೆಂಗಿನ ತೋಟದ ನಡುವೆ ಇತ್ತು. ಅಜ್ಜಿ ಬೇಡವೆಂದಳು.

ಹಾಗಾಗಿ ಓರೆಯಾದ ವ್ಯಾನಿನಲ್ಲೇ ಮಲಗಿದೆವು. ಎಲ್ಲರೂ ಉರುಳಿ ಎಡಗಡೆಗೇ ಬಂದೆವು. ಅಮ್ಮ ಮಾಡಿದ ಮುದ್ದೆಯೂ ತಟ್ಟೆಯಲ್ಲಿ ಒಂದು ಕಡೆಗೆ ಜಾರುತ್ತಿತ್ತು. ಚಕ್ರದ ಸುತ್ತ ನೀರು ಬಂದದ್ದನ್ನು ಅಜ್ಜಿ ಬಾಗಿಲಿನಿಂದ ನೋಡಿದಳು. "ನಮ್ ಕೆರೆಗೆ ನೀರ್ ಬಂದ್ರೆ ಬಂತು, ಇಲ್ದಿದ್ರೆ ಇಲ್ಲ. ಇದೇನ್ಲಾ ಇದು, ದಿನಾ ಬಂದು ಬಂದು ಹೋಗ್ತದೆ, ನಿನ್ ಬಸ್ಸಿನಂಗೆ," ಎಂದಳು. ಅಪ್ಪ ನಗಲಿಲ್ಲ. ಅವನು ಮುಂದಿನ ಗಾಜನ್ನು ಒಳಗಿನಿಂದ ಬಟ್ಟೆಯಲ್ಲಿ ಒರೆಸುತ್ತಿದ್ದ. ಗಾಜು ಸ್ವಚ್ಛವಾಗಿಯೇ ಇತ್ತು. ಅಮ್ಮ ನನ್ನ ಕಡೆ ನೋಡಿದಳು. ನಾನು ಪಾತ್ರೆ ತೊಳೆಯಲು ಎದ್ದೆ.

ಬೆಳಿಗ್ಗೆ ನೀರು ಇಳಿದಿತ್ತು, ಮಳೆ ನಿಂತಿರಲಿಲ್ಲ. ಆ ಹೆಂಗಸು ಮನೆಯ ಇಬ್ಬರು ಗಂಡಸರನ್ನು ಕರೆದುಕೊಂಡು ಬಂದಳು. ಅವರು ಹಲಗೆ ತರಬೇಕೆಂದು ಮಾತಾಡುವಾಗ ಅಜ್ಜಿ ನಡುವೆ ಬಾಯಿ ಹಾಕಿದಳು.

"ಹಲಗೆ ಜಾರ್ತದೆ. ನಿಮ್ಮನೇಲಿ ಕಾಯಿಮಟ್ಟೆ ಐತೇನವ್ವಾ? ಸುಲಿದಿದ್ದು?"

ನಮ್ಮ ತೋಟದಲ್ಲಿ ಟ್ರಾಕ್ಟರು ಹೂತಾಗ ಚಕ್ರದ ಕೆಳಗೆ ಹಾಕುವುದು ಅದನ್ನೇ. ನೀರೊಲೆಗೆಂದು ಅವರ ಕೊಟ್ಟಿಗೆಯಲ್ಲಿ ಒಟ್ಟಿದ್ದ ಮಟ್ಟೆಗಳು ಬುಟ್ಟಿ ಬುಟ್ಟಿಯಾಗಿ ಬಂದವು. ಅವರ ತೋಟದಲ್ಲಿ ಬಿದ್ದಿದ್ದ ಗರಿಗಳೂ ಬಂದವು. ಅಪ್ಪ ಪಂಚೆ ಎತ್ತಿ ಕಟ್ಟಿ, ಕೆಸರಿನಲ್ಲಿ ಮಂಡಿಯೂರಿ, ಒಂದೊಂದೇ ಮಟ್ಟೆಯನ್ನು ಬೋರಲು ಹಾಕಿ ಚಕ್ರದ ಕೆಳಗೆ ತುಂಬಿದ. ಚಕ್ರ ಹಿಡಿಯುತ್ತದೋ ಬರಿದೇ ತಿರುಗುತ್ತದೋ ನೋಡುವ ಕೆಲಸವನ್ನು ಬೇರೆಯವರಿಗೆ ಬಿಡುವುದು ಅವನಿಂದಾಗದು.

"ನೀನ್ ಹತ್ತು," ಎಂದ ನನಗೆ. "ಸೆಕೆಂಡ್ ಗೇರು. ನಾನ್ ಹೇಳೋವರ್ಗೂ ಕ್ಲಚ್ ಬಿಡ್ಬೇಡ."

ಹತ್ತಿದೆ. ಸೀಟು ನನಗೆ ದೂರವಾಗಿತ್ತು, ಅಂಚಿಗೆ ಬಂದು ಕೂತೆ. ಹಿಂದಿನಿಂದ ಅಪ್ಪನ ಕೂಗು ಬಂತು: "ಬಿಡು! ಮೆತ್ತಗೆ, ಮೆತ್ತಗೆ, ಕೊಡು, ಕೊಡು, ನಿಲ್ಲಿಸ್ಬೇಡ!" ವ್ಯಾನು ಒಂದು ಸಲ ನಡುಗಿತು. ಮಟ್ಟೆಗಳ ಮೇಲೆ ಹತ್ತಿ, ಗರಿಗಳ ಮೇಲೆ ಉರುಳಿ, ರಸ್ತೆಗೆ ಬಂದು ನಿಂತಿತು. ಅಜ್ಜಿ ಕೈ ಮುಗಿದಳು. ವ್ಯಾನಿಗೋ, ಮಟ್ಟೆಗೋ ತಿಳಿಯಲಿಲ್ಲ.

ಆಮೇಲೆ ಅಜ್ಜಿ ಮೂಟೆ ಬಿಚ್ಚಿ ಹತ್ತು ತೆಂಗಿನಕಾಯಿ ಆರಿಸಿ ಆ ಹೆಂಗಸಿನ ಸೆರಗಿಗೆ ಹಾಕಿದಳು.

"ನಮ್ಗೆ ತೆಂಗಿನಕಾಯಾ!" ಎಂದು ಅವಳು ನಕ್ಕಳು. ಆಮೇಲೆ ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ದೊಡ್ಡದೇ ಉಂಟ್ರಾ," ಎಂದಳು. ಅಜ್ಜಿಗೆ ಆ ಪ್ರವಾಸದಲ್ಲಿ ಅದಕ್ಕಿಂತ ಸಂತೋಷದ ಗಳಿಗೆ ಇನ್ನೊಂದು ಬರಲಿಲ್ಲ.

ಅಪ್ಪ ಡ್ರಮ್ಮಿನ ನೀರಿನಲ್ಲಿ ಕೈಕಾಲು ತೊಳೆದು ಡ್ರೈವರ್ ಬಾಗಿಲಿಗೆ ಬಂದು ನಿಂತ. ನಾನು ಇಳಿಯಲೆಂದು ಕಾಯುತ್ತಿದ್ದ. ನಾನು ಇಳಿಯಲಿಲ್ಲ. ಕಣ್ಣನ್ನು ಮುಂದಿನ ಗಾಜಿನ ಮೇಲಿಟ್ಟು ಹೇಳಿದೆ.

"ಅಪ್ಪ, ಮಳೇಲಿ ನಿಂಗೆ ಕಾಣಿಸ್ತಿಲ್ಲ. ಮಳೆ ಇದ್ದಾಗ ನಾನ್ ಓಡಿಸ್ತೀನಿ."

ಮಳೆ ಅವನ ತಲೆಯ ಮೇಲೆ ಬೀಳುತ್ತಿತ್ತು.

"ನಿಮ್ಮಮ್ಮ ಹೇಳ್ಕೊಟ್ಲಾ?"

"ಹೂಂ. ನಾನೂ ನೋಡ್ದೆ."

"ಎಷ್ಟ್ ಸಲ ನೋಡ್ದೆ?"

"ಮೂರು. ಹೆಬ್ಬೂರಲ್ಲಿ ಹುಲ್ಲಿನ ಗುಡ್ಡೆ. ಘಟ್ಟದಲ್ಲಿ ಹಂಪು. ನಿನ್ನೆ ಈ ನೀರು."

"ನಾಲ್ಕು," ಎಂದ ಅಪ್ಪ. "ಹೊನ್ನಾವರಕ್ಕೆ ಬರೋವಾಗ ಬೈಕ್‌ನಲ್ಲಿ ಒಬ್ಬ, ಕರಿ ರೇನ್‌ಕೋಟು. ಪಕ್ಕಕ್ಕೆ ಬಂದ್ಮೇಲೆ ಕಂಡ. ನೀವೆಲ್ಲ ನಿದ್ದೆ ಮಾಡ್ತಿದ್ರಿ."

ಇಷ್ಟು ಹೇಳಿ ವ್ಯಾನಿನ ಮುಂಭಾಗವನ್ನು ಸುತ್ತು ಹಾಕಿ ಬಂದು ಎಡಗಡೆಯ ಸೀಟಿನಲ್ಲಿ ಕೂತ. ಬಾಗಿಲನ್ನು ಎರಡು ಸಲ ಹಾಕಿ ನೋಡಿದ. ಹಿಂದೆ ಅಮ್ಮ ಗದ್ದಲ ಮಾಡುತ್ತ ಡಬ್ಬಿಗಳನ್ನು ಜೋಡಿಸತೊಡಗಿದಳು. ಆಮೇಲೆ ಎಂದಿಲ್ಲದ ಹಾಗೆ, ಕೇಳದೆಯೇ, ಅಪ್ಪನಿಗೆ ಚಹ ಮಾಡಿಕೊಟ್ಟಳು.

ಅಲ್ಲಿಂದ ಕಾರವಾರದವರೆಗೂ, ಹಿಂದಕ್ಕೆ ಘಟ್ಟ ಹತ್ತಿ ಗುಬ್ಬಿಯವರೆಗೂ ಓಡಿಸಿದ್ದು ನಾನೇ. ಅಪ್ಪನಂಥ ಪ್ರಯಾಣಿಕ ಯಾವ ಶತ್ರುವಿಗೂ ಬೇಡ. ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಕಾಲಿನಲ್ಲಿ ಒತ್ತುವನು. "ಗೇರ್ ಇಳಿಸು", "ಹಾರ್ನು, ಹಾರ್ನು", "ಆ ಲಾರಿಯವ್ನು ಬರ್ತಾನೆ ನೋಡು, ಬಂದ, ಬಂದ." ಆದರೆ ಒಂದು ಸಲವೂ ಕೀಲಿ ಕೇಳಲಿಲ್ಲ. ತುಮಕೂರು ಸೇರಿದ ವಾರವೇ ಕಣ್ಣಿನ ಡಾಕ್ಟರ ಹತ್ತಿರ ಹೋಗುವುದೆಂದು ತಾನೇ ಹೇಳಿದ. ಕುಣಿಗಲ್‌ಗೆ ಹೋಗಿ ಫ್ಯಾನ್ ತೆಗೆಸಿ ತೂತು ಮುಚ್ಚಿಸುವುದು ಅದಕ್ಕಿಂತ ಮೊದಲು ಎಂದೂ ಸೇರಿಸಿದ.

ತಿಪಟೂರು ದಾಟುವಾಗ ಚೆನ್ನಾಗಿ ಬಿಸಿಲಿತ್ತು. ಗುಬ್ಬಿಯಲ್ಲಿ ಊಟಕ್ಕೆ ನಿಲ್ಲಿಸಿದಾಗ ಅಪ್ಪ ಕೈ ಚಾಚಿದ.

"ಮಳೆ ಇಲ್ಲ. ಇಲ್ಲಿಂದ ನನ್ ರೂಟು."

ಮಾತೆಂದರೆ ಮಾತು. ಕೀಲಿ ಕೊಟ್ಟೆ. ನಮ್ಮ ಮೂವರನ್ನೂ ಕೂರಿಸಿಕೊಂಡು, ಊರಿನ ಹಬ್ಬದ ಬಸ್ಸನ್ನು ಓಡಿಸುವವನ ಹಾಗೆ ನೆಟ್ಟಗೆ ಕೂತು, ಅಪ್ಪ ತುಮಕೂರಿನ ಕಡೆಗೆ ಹೊರಟ. ಮುಕ್ಕಾಲು ದಾರಿ ಆಗಿರಬೇಕು, ಗಾಜಿನ ಮೇಲೆ ಒಂದು ಹನಿ ಬಿತ್ತು. ಆಮೇಲೆ ಇನ್ನೆರಡು. ಯಾರೂ ಹೇಳುವ ಮೊದಲೇ ಅಪ್ಪ ಇಂಡಿಕೇಟರ್ ಹಾಕಿ ವ್ಯಾನನ್ನು ಪಕ್ಕಕ್ಕೆ ತಂದ.

"ಯಾಕ್ಲಾ ನಿಲ್ಲಿಸ್ದೆ? ಮನೆ ಬಂತಲ್ಲ," ಎಂದಳು ಅಜ್ಜಿ.

"ಡ್ಯೂಟಿ ಚೇಂಜ್ ಕಣವ್ವಾ."

ಇಳಿಯಲು ಬಾಗಿಲು ತೆಗೆದವನು ತಲೆ ಹೊರಹಾಕಿ ಮೇಲೆ ನೋಡಿದ. ತೆಂಗಿನ ಮರವಿತ್ತು. ಬಾಗಿಲು ಹಾಕಿಕೊಂಡು, ವ್ಯಾನನ್ನು ಇನ್ನೂ ಇಪ್ಪತ್ತು ಅಡಿ ಮುಂದೆ ತಂದು ನಿಲ್ಲಿಸಿ, ಆಮೇಲೆ ಇಳಿದ.